ಗ್ಯಾಲರಿಯ ತೀರ್ಪು, ಕೋಚಿನ ಕುರ್ಚಿ

2023ರ ಡಿಸೆಂಬರ್ 8ರಂದು ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ, ಮುಂಬೈ ಸಿಟಿ ಎದುರು 0-4ರಿಂದ ಸೋತಿತು. ಮರುದಿನವೇ ಕ್ಲಬ್ಬು ಹೆಡ್ ಕೋಚ್ ಸೈಮನ್ ಗ್ರೇಸನ್ ಅವರನ್ನು ಕಳಿಸಿಕೊಟ್ಟಿತು. ಒಂಬತ್ತು ಪಂದ್ಯದಲ್ಲಿ ಒಂದೇ ಗೆಲುವು ಕಂಡಿದ್ದ ತಂಡ ಅದು. ಹಾಗಾಗಿ ಸುದ್ದಿ ಕೇಳಿ ಯಾರೂ ಹೌಹಾರಲಿಲ್ಲ, ಬಹಳ ಜನ ನಿಟ್ಟುಸಿರು ಬಿಟ್ಟರು. ರಾಮನಗರದ ಹತ್ತಿರದ ಕೈಲಾಂಚದಲ್ಲಿ ಪಂದ್ಯವಿದ್ದ ದಿನ ಒಂದು ಮೊಬೈಲ್ ಸುತ್ತ ಕೂರುವ ನಮ್ಮ ಹುಡುಗರಿಗಂತೂ ಹಬ್ಬ. ಅವರಲ್ಲೊಬ್ಬ ವಾರದ ಹಿಂದೆಯೇ ಅಂದಿದ್ದ: "ಈ ಗ್ರೇಸನ್‌ನ ಮೊದ್ಲು ಕಿತ್ತಾಕ್ಬೇಕು ಕಣಣ್ಣ, ಆಮೇಲೆ ಎಲ್ಲ ಸರಿಹೋಯ್ತದೆ."

ಎಲ್ಲ ಸರಿಹೋಗಲಿಲ್ಲ. ಆ ಸೀಸನ್ ಮುಗಿದಾಗ ಹನ್ನೆರಡು ತಂಡಗಳಲ್ಲಿ ನಮ್ಮದು ಹತ್ತನೆಯದು. ಕೋಚ್ ಬದಲಾದಾಗ ಅಭಿಮಾನಿಗಳಿಗೆ ಆಗುವ ಆ ಬಿಡುಗಡೆಯ ಭಾವವನ್ನು ನಾನು ಹಗುರವಾಗಿ ಕಾಣುವುದಿಲ್ಲ, ನನ್ನಲ್ಲೂ ಅದು ಉಕ್ಕಿತ್ತು. ಆದರೆ ಆ ಭಾವ ಕೊಡುವ ತೀರ್ಪು ಎಷ್ಟು ನಿಜ ಎಂದು ತೂಗಿ ನೋಡುವುದಕ್ಕೆ ನಮ್ಮ ಕ್ಲಬ್ಬಿನ ಕಳೆದ ಕೆಲವು ವರ್ಷಗಳಿಗಿಂತ ಒಳ್ಳೆಯ ಸಾಕ್ಷಿ ಸಿಗಲಾರದು.

ಇಲ್ಲಿ ಫುಟ್‌ಬಾಲ್ ನೋಡುವವರು ಕಡಿಮೆ ಎಂಬುದನ್ನು ಮೊದಲೇ ಹೇಳಬೇಕು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಯಾವ ಕಡೆ ಹೋದರೂ ಬಯಲಲ್ಲಿ ಕಾಣುವುದು ಕ್ರಿಕೆಟ್ಟು, ಕಬಡ್ಡಿ, ಸಂಜೆಯಾದರೆ ವಾಲಿಬಾಲ್. ಕ್ರಿಕೆಟ್‌ನಲ್ಲಿ ತಂಡ ಸೋತರೆ ಬೈಗುಳ ತಿನ್ನುವವನು ಕ್ಯಾಪ್ಟನ್, ಕೋಚ್ ಯಾರೆಂದು ಕೇಳಿದರೆ ಅರ್ಧ ಊರಿಗೆ ಗೊತ್ತಿರುವುದಿಲ್ಲ. ಫುಟ್‌ಬಾಲ್ ಹಾಗಲ್ಲ. ಯಾವ ಹನ್ನೊಂದು ಜನ ಆಡಬೇಕು, ಯಾರು ಎಲ್ಲಿ ನಿಲ್ಲಬೇಕು, ಯಾವಾಗ ಯಾರನ್ನು ಹೊರಗೆ ಕರೆಯಬೇಕು, ಎಲ್ಲವೂ ಗೆರೆಯಾಚೆ ನಿಂತ ಒಬ್ಬನ ಮಾತು. ಹೀಗಾಗಿ ಸೋಲಿನ ಹೊರೆಯೂ ಅವನ ತಲೆಗೇ ಬೀಳುತ್ತದೆ. ಗ್ಯಾಲರಿಗೆ ಅವನು ಕಣ್ಣೆದುರೇ ಕಾಣುತ್ತಾನೆ. ಆಟಗಾರರನ್ನು ಕೊಂಡವರು, ಮಾರಿದವರು, ದುಡ್ಡು ಎಷ್ಟೆಂದು ನಿರ್ಧರಿಸಿದವರು ಕಾಣುವುದಿಲ್ಲ.

2013ರಲ್ಲಿ ಜೆಎಸ್‌ಡಬ್ಲ್ಯು ಕಟ್ಟಿದ ಈ ಕ್ಲಬ್ಬು ಆಶ್ಲಿ ವೆಸ್ಟ್‌ವುಡ್ ಅವರ ಕೈಯಲ್ಲಿ ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದಿತು, 2015-16ರಲ್ಲಿ ಮತ್ತೊಮ್ಮೆ ಗೆದ್ದಿತು. ಆಲ್ಬರ್ಟ್ ರೋಕಾ ಬಂದ ವರ್ಷವೇ, 2016ರಲ್ಲಿ, ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಅನ್ನಿಸಿಕೊಂಡಿತು. ಅಂಥ ಆರಂಭ ಅಭಿಮಾನಿಯನ್ನು ಕೆಡಿಸುತ್ತದೆ. ಗೆಲುವು ನಮ್ಮ ಹಕ್ಕು, ಸೋಲು ಯಾರದೋ ತಪ್ಪು ಎಂಬ ನಂಬಿಕೆ ಆಗಲೇ ಬೇರುಬಿಟ್ಟಿತು.

2019ರ ಮಾರ್ಚ್ 17ರಂದು ಮುಂಬೈಯಲ್ಲಿ ನಡೆದ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್ ನೆನಪಿಸಿಕೊಳ್ಳಿ. ಎದುರಾಳಿ ಎಫ್‌ಸಿ ಗೋವಾ. ತೊಂಬತ್ತು ನಿಮಿಷದಲ್ಲಿ ಗೋಲಿಲ್ಲ, ಹೆಚ್ಚುವರಿ ಸಮಯವೂ ಮುಗಿಯುತ್ತ ಬಂದಿತ್ತು. 117ನೇ ನಿಮಿಷಕ್ಕೆ ಡಿಮಾಸ್ ಡೆಲ್ಗಾಡೊ ಕಾರ್ನರ್ ಒದ್ದರು, ರಾಹುಲ್ ಭೇಕೆ ಎಗರಿ ತಲೆ ಕೊಟ್ಟರು, ಟ್ರೋಫಿ ಬೆಂಗಳೂರಿಗೆ ಬಂತು. ಆಗಿನ ಕೋಚ್ ಕಾರ್ಲೆಸ್ ಕ್ವಾಡ್ರಾಟ್ ಕಾರ್ನರು, ಫ್ರೀಕಿಕ್ಕುಗಳನ್ನು ಎಷ್ಟು ಚೆನ್ನಾಗಿ ತಿದ್ದಿ ತೀಡಿದ್ದಾರೆ ಎಂದು ಆ ರಾತ್ರಿ ಹೊಗಳದ ಬಾಯಿಲ್ಲ. ಎರಡು ವರ್ಷ ತುಂಬುವ ಮೊದಲೇ, ಸತತ ಮೂರು ಪಂದ್ಯ ಸೋತಾಗ, ಅದೇ ಬಾಯಿಗಳು "ಕಾರ್ನರ್ ಬಿಟ್ಟು ಈ ಮನುಷ್ಯನಿಗೆ ಬೇರೇನು ಗೊತ್ತು?" ಅಂದವು. ಗುಣ ಒಂದೇ, ಫಲಿತಾಂಶ ಬದಲಾದ ಕೂಡಲೇ ಅದು ದೋಷವಾಯಿತು. ಆಟವನ್ನು ನೋಡಿ ಅಳೆಯುವ ಬದಲು ಅಂಕಪಟ್ಟಿ ನೋಡಿ ಆಟವನ್ನು ಅಳೆದರೆ ಹೀಗಾಗುತ್ತದೆ.

ಕ್ವಾಡ್ರಾಟ್ ಹೋದದ್ದು 2021ರ ಜನವರಿ 6ರಂದು. ಕೋವಿಡ್ ಕಾರಣಕ್ಕೆ ಇಡೀ ಲೀಗ್ ಗೋವಾದಲ್ಲಿ, ಪ್ರೇಕ್ಷಕರೇ ಇಲ್ಲದ ಮೈದಾನಗಳಲ್ಲಿ ನಡೆಯುತ್ತಿತ್ತು. ಆಟಗಾರರು ತಿಂಗಳುಗಟ್ಟಲೆ ಹೋಟೆಲ್ಲಿನಲ್ಲೇ ಬಂದಿ. ಆ ದಣಿವು ಟಿವಿಯಲ್ಲಿ ನೋಡುತ್ತಿದ್ದ ನಮಗೆ ತಟ್ಟಲಿಲ್ಲ. ಸೀಸನ್ನಿನ ಉಳಿದ ಭಾಗವನ್ನು ನೌಶಾದ್ ಮೂಸಾ ತಾತ್ಕಾಲಿಕವಾಗಿ ನೋಡಿಕೊಂಡರು. ತಂಡ ಏಳನೆಯದಾಗಿ, ಐಎಸ್‌ಎಲ್‌ಗೆ ಬಂದ ಮೇಲೆ ಮೊದಲ ಸಲ ಪ್ಲೇಆಫ್ ತಪ್ಪಿಸಿಕೊಂಡಿತು. ಬದಲಾವಣೆಯಿಂದ ಏನೂ ಆಗಲಿಲ್ಲ. ಆದರೆ ಆಗಲಿಲ್ಲ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಮುಂದೆ ಬಂದ ಜರ್ಮನಿಯ ಮಾರ್ಕೊ ಪೆಜ್ಜೈಯೊಲಿ ಒಂದು ಪೂರ್ತಿ ಸೀಸನ್ ನಡೆಸಿ, ತಂಡವನ್ನು ಆರನೇ ಸ್ಥಾನದಲ್ಲಿ ಬಿಟ್ಟು ಹೊರಟರು.

ಗ್ರೇಸನ್ ಕಥೆಯಲ್ಲಿ ಇನ್ನೂ ದೊಡ್ಡ ಪಾಠವಿದೆ. 2022ರ ಸೆಪ್ಟೆಂಬರ್‌ನಲ್ಲಿ ಡ್ಯುರಾಂಡ್ ಕಪ್ ಗೆದ್ದುಕೊಟ್ಟ ಅವರು ಅದರ ಬೆನ್ನಿಗೇ ಲೀಗ್‌ನಲ್ಲಿ ಮುಗ್ಗರಿಸಿದರು. ಸೀಸನ್ನಿನ ನಡುವೆ ಪ್ಲೇಆಫ್ ಮಾತೇ ಹುಚ್ಚು ಅನ್ನಿಸುವಂತಿತ್ತು. ಆಗಲೂ ಕಿತ್ತಾಕಿ ಎಂಬ ಕೂಗಿತ್ತು. ಕ್ಲಬ್ಬು ಕಿವಿಗೊಡಲಿಲ್ಲ. ತಂಡ ಲೀಗ್‌ನಲ್ಲಿ ಸತತ 8 ಪಂದ್ಯ ಗೆದ್ದು, ಫೈನಲ್ ಮುಟ್ಟಿ, ಎಟಿಕೆ ಮೋಹನ್ ಬಾಗಾನ್ ಎದುರು ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿತು. ಅದೇ ಕೋಚ್ ಒಂಬತ್ತು ತಿಂಗಳಾಗುವುದರೊಳಗೆ ದಡ್ಡರಾದರೇ? ಹಾಗಾಗುವುದಿಲ್ಲ. ನಡುವೆ ಒಂದು ಬೇಸಿಗೆ ಬಂದಿತ್ತು. ರಾಯ್ ಕೃಷ್ಣ ಒಡಿಶಾಕ್ಕೆ ಹೋದರು. ಸಂದೇಶ್ ಝಿಂಗನ್, ಉದಾಂತ ಸಿಂಗ್ ಇಬ್ಬರೂ ಗೋವಾ ಸೇರಿದರು. ಸುನಿಲ್ ಚೆಟ್ರಿಗೆ 39 ತುಂಬಿತು.

ನಮ್ಮ ಕಡೆ ರೇಷ್ಮೆ ಹುಳ ಸಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೂಡು ಕಟ್ಟಲೆಂದು ಚಂದ್ರಿಕೆಯ ತಟ್ಟೆಗೆ ಬಿಟ್ಟ ಹುಳ ಗೂಡು ಕಟ್ಟದೆ ಸತ್ತರೆ ಬೆಳೆ ಕೆಟ್ಟದ್ದು ಆವತ್ತಲ್ಲ. ಚಾಕಿಯಲ್ಲಿ ಎಳೆ ಹುಳಕ್ಕೆ ಹಾಕಿದ ಸೊಪ್ಪು ಎಂಥದ್ದು, ಪೊರೆ ಬಿಡಲು ಜ್ವರಕ್ಕೆ ಕೂತಾಗ ಮನೆಯ ಶಾಖ ಎಷ್ಟಿತ್ತು, ಅಲ್ಲೇ ಅದು ತೀರ್ಮಾನವಾಗಿರುತ್ತದೆ. ಕೊನೆಗೆ ಚಂದ್ರಿಕೆ ಹಿಡಿದು ನಿಂತವನನ್ನು ಬೈದು ಇನ್ನೊಬ್ಬನ ಕೈಗೆ ಕೊಟ್ಟರೆ ಗೂಡು ಹುಟ್ಟುವುದಿಲ್ಲ. ಹಾಗೆಂದು ಗ್ರೇಸನ್ ನಿರ್ದೋಷಿ ಅನ್ನುತ್ತಿಲ್ಲ. ಆ ಚಳಿಗಾಲದ ತಂಡ ಚೆಂಡು ಸಿಕ್ಕರೆ ಏನು ಮಾಡಬೇಕೆಂದು ತಿಳಿಯದೆ ಆಡುತ್ತಿತ್ತು, ಅದು ಕೋಚಿನದೇ ಹೊಣೆ. ಆದರೆ ಡಿಸೆಂಬರ್‌ನಲ್ಲಿ ಕಿರುಚಿದ ನಾವು ಜೂನ್, ಜುಲೈನಲ್ಲಿ ಎಲ್ಲಿದ್ದೆವು? ಕಟ್ಟಿದ ತಂಡ ಬಿಚ್ಚಿಹೋಗುತ್ತಿದ್ದಾಗ ಗ್ಯಾಲರಿ ಸುಮ್ಮನಿತ್ತು.

ಗ್ರೇಸನ್ ಜಾಗಕ್ಕೆ ಬಂದ ಜೆರಾರ್ಡ್ ಜರಗೋಜಾ ಹಿಂದೆ ಇದೇ ಕ್ಲಬ್ಬಿನಲ್ಲಿ ಕ್ವಾಡ್ರಾಟ್‌ಗೆ ಸಹಾಯಕರಾಗಿದ್ದವರು. 2024ರ ಏಪ್ರಿಲ್ 11ರಂದು ಅವರ ತಂಡವೂ ಕಂಠೀರವದಲ್ಲೇ ಮೋಹನ್ ಬಾಗಾನ್‌ಗೆ 0-4ರಿಂದ ಸೋತಿತು. ಅಂಕಿ ಅದೇ, ಮೈದಾನ ಅದೇ, ಕೋಚ್ ಮಾತ್ರ ಬೇರೆ. ಹಳೆಯ ನ್ಯಾಯವೇ ಆಗಿದ್ದರೆ ಅವರೂ ಮರುದಿನ ವಿಮಾನ ಹತ್ತಬೇಕಿತ್ತು. ಕ್ಲಬ್ಬು ಉಳಿಸಿಕೊಂಡಿತು. ಸೆಪ್ಟೆಂಬರ್‌ನಲ್ಲಿ ಅದೇ ಮೋಹನ್ ಬಾಗಾನ್ ಕಂಠೀರವಕ್ಕೆ ಬಂದಾಗ ನಾವು 3-0ರಿಂದ ಗೆದ್ದೆವು. ಆ ಸೀಸನ್ ಮೂರನೇ ಸ್ಥಾನ, 2025ರ ಏಪ್ರಿಲ್‌ನಲ್ಲಿ ಕೋಲ್ಕತ್ತದಲ್ಲಿ ಫೈನಲ್, ನಲವತ್ತರ ಚೆಟ್ರಿಯಿಂದ 14 ಗೋಲು. ಫೈನಲ್ 2-1ರಿಂದ ಹೋಯಿತು ನಿಜ. ಆದರೆ ಕೋಚನ್ನು ಓಡಿಸಿದ ಎರಡು ಸೀಸನ್ ಏಳನೆಯ, ಹತ್ತನೆಯ ಸ್ಥಾನ ಕೊಟ್ಟವು. ತಾಳಿಕೊಂಡ ಎರಡು ಸಲವೂ ತಂಡ ಫೈನಲ್ ಆಡಿತು.

ಇದು ನಮ್ಮೂರಿನ ವಿಶೇಷವೂ ಅಲ್ಲ. ಬಾಸ್ ಟೆರ್ ವೀಲ್ ಎಂಬ ಅರ್ಥಶಾಸ್ತ್ರಜ್ಞರು ನೆದರ್ಲೆಂಡ್ಸ್ ಲೀಗಿನ 1986ರಿಂದ 2004ರವರೆಗಿನ ಫಲಿತಾಂಶಗಳನ್ನು ಹಿಡಿದು ಲೆಕ್ಕ ಹಾಕಿದರು. ಕೋಚನ್ನು ತೆಗೆದ ತಂಡಗಳು ಸ್ವಲ್ಪ ಚೇತರಿಸಿಕೊಂಡವು. ಆದರೆ ಅಷ್ಟೇ ಕೆಟ್ಟದಾಗಿ ಆಡುತ್ತಿದ್ದೂ ಕೋಚನ್ನು ಉಳಿಸಿಕೊಂಡ ತಂಡಗಳೂ ಹೆಚ್ಚುಕಡಿಮೆ ಅಷ್ಟೇ ಚೇತರಿಸಿಕೊಂಡಿದ್ದವು.

ವೆಸ್ಟ್ ಬ್ಲಾಕ್ ಬ್ಲೂಸ್ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯ. ಕ್ಲಬ್ಬಿನ ಮೊದಲ ವರ್ಷದಿಂದ ತೊಂಬತ್ತು ನಿಮಿಷವೂ ನಿಂತೇ ಹಾಡುವ, ಡ್ರಮ್ಮು ಬಾರಿಸುವ ಈ ಗುಂಪಿನ ದೊಡ್ಡ ಗುಣ ಬಿಟ್ಟುಹೋಗದಿರುವುದು. ಹತ್ತನೇ ಸ್ಥಾನದ ಸೀಸನ್ನಿನಲ್ಲೂ ಅವರು ಬಂದರು, ಹಾಡಿದರು. ಕೈಲಾಂಚದಿಂದ ರಾಮನಗರಕ್ಕೆ ಬಂದು, ಬಸ್ಸೋ ರೈಲೋ ಹಿಡಿದು ಕಂಠೀರವಕ್ಕೆ ಹೋಗಿ, ಪಂದ್ಯ ಮುಗಿದ ಮೇಲೆ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ರಾತ್ರಿ ಬಸ್ಸಿಗೆ ಕಾಯುವ ಹುಡುಗರಿಗೆ ಧೈರ್ಯ ಕೊಟ್ಟದ್ದು ಆ ಹಾಡೇ. ಇಷ್ಟು ನಿಷ್ಠೆ ಇರುವವರು ಕೋಚ್ ಬೇಡ ಎಂಬ ಸುಲಭದ ಬೇಡಿಕೆಗೆ ತೃಪ್ತರಾಗಬಾರದು ಎಂಬುದೇ ನನ್ನ ತಕರಾರು. ಆ ಬೇಡಿಕೆ ಈಡೇರಿಸುವುದು ಮಾಲೀಕರಿಗೂ ಅಗ್ಗ. ಒಂದು ಪ್ರಕಟಣೆ ಹೊರಡಿಸಿದರೆ ಗ್ಯಾಲರಿ ತಣ್ಣಗಾಗುತ್ತದೆ, ಆಟಗಾರರ ಖರೀದಿಯ ಪ್ರಶ್ನೆ ಮುಂದಿನ ಬೇಸಿಗೆಗೆ ಹೋಗುತ್ತದೆ.

ಮತ್ತೊಂದು ಪ್ರಶ್ನೆಯನ್ನಂತೂ ನಮ್ಮ ಸ್ಟ್ಯಾಂಡು ಗಟ್ಟಿಯಾಗಿ ಎತ್ತಲೇ ಇಲ್ಲ. ರೋಕಾಗೆ ಸಹಾಯಕರಾಗಿದ್ದ ಕ್ವಾಡ್ರಾಟ್ ಹೆಡ್ ಕೋಚ್ ಆದರು, ಕ್ವಾಡ್ರಾಟ್‌ಗೆ ಸಹಾಯಕರಾಗಿದ್ದ ಜರಗೋಜಾ ಹೆಡ್ ಕೋಚ್ ಆದರು. ತಂಡ ಮುಳುಗುತ್ತಿದ್ದಾಗ ಹೊಣೆ ಹೊತ್ತ ನೌಶಾದ್ ಮೂಸಾ, ಗ್ರೇಸನ್ ಹೋದಾಗ ಮುಂದೆ ನಿಂತ ರೆನೆಡಿ ಸಿಂಗ್, ಈ ಇಬ್ಬರು ಭಾರತೀಯರಿಗೂ ಆಗ ಸಿಕ್ಕಿದ್ದು ತಾತ್ಕಾಲಿಕ ಪಟ್ಟ ಮಾತ್ರ. ಹೊಸ ಸ್ಪೇನಿನವರೋ ಇಂಗ್ಲೆಂಡಿನವರೋ ಬರುವ ತನಕ ಬಾಗಿಲು ಕಾಯುವ ಕೆಲಸ. 2025ರಲ್ಲಿ ಖಾಲಿದ್ ಜಮೀಲ್ ಭಾರತ ತಂಡದ ಕೋಚ್ ಆದರು, ಮೂಸಾ 23 ವರ್ಷದೊಳಗಿನವರ ರಾಷ್ಟ್ರೀಯ ತಂಡದ ಕೋಚ್ ಆದರು. ದೇಶಕ್ಕೆ ಸಾಕಾದವರು ಕಂಠೀರವಕ್ಕೆ ಯಾಕೆ ಸಾಲಲಿಲ್ಲ ಎಂದು ಕ್ಲಬ್ಬಿನವರನ್ನು ಕೇಳುವ ಹಕ್ಕು ಟಿಕೆಟ್ ಕೊಂಡವರಿಗಿದೆ. ಕುರ್ಚಿ ಖಾಲಿಯಾದ ರಾತ್ರಿ, ಹೊಸ ಹೆಸರು ಬರುವ ಮೊದಲೇ ಅದನ್ನು ಕೇಳಬೇಕು.