ಹಿಮ್ಮೇಳದ ಕಿವಿಯಲ್ಲಿ ಪೀನೊ ಪಲ್ಲಡೀನೊ

1983ರಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೂರು ವಾರ ಮೊದಲ ಸ್ಥಾನದಲ್ಲಿದ್ದ ಹಾಡು ‘ವೇರೆವರ್ ಐ ಲೇ ಮೈ ಹ್ಯಾಟ್’. ಮೂಲದಲ್ಲಿ ಮಾರ್ವಿನ್ ಗೇ ಹಾಡಿದ್ದನ್ನು ಪಾಲ್ ಯಂಗ್ ಮತ್ತೆ ಹಾಡಿದ್ದರು. ಆದರೆ ಕೇಳುಗರನ್ನು ಮೊದಲು ಹಿಡಿದು ನಿಲ್ಲಿಸುವುದು ಯಂಗ್ ಅವರ ಕಂಠವಲ್ಲ, ಬೇಸ್ ಗಿಟಾರ್. ಅದೂ ಬೇಸ್ ಸಾಮಾನ್ಯವಾಗಿ ಓಡಾಡುವ ಕೆಳಗಿನ ಸ್ವರಗಳಲ್ಲಲ್ಲ. ತಂತಿಯ ಮೇಲಿನ ತುದಿಯಲ್ಲಿ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತ, ರಾಗದ ಎಳೆಯನ್ನೇ ಎತ್ತಿಕೊಳ್ಳುತ್ತದೆ. ಜತೆಗೊಂದು ಆಕ್ಟೇವ್ ಪೆಡಲ್ ಅದೇ ಸ್ವರವನ್ನು ಒಂದು ಸ್ಥಾಯಿ ಕೆಳಗೂ ನುಡಿಸುತ್ತಿರುತ್ತದೆ. ಹಾಗಾಗಿ ಒಂದೇ ವಾದ್ಯ ಮೇಲೂ ಹಾಡುತ್ತದೆ, ಕೆಳಗೂ ಆಧಾರ ಕೊಡುತ್ತದೆ. ಗಾಯಕ ಬಾಯಿ ತೆರೆಯುವ ಹೊತ್ತಿಗೆ ಹಾಡಿನ ಭಾವವೆಲ್ಲ ನಿಶ್ಚಯವಾಗಿಬಿಟ್ಟಿರುತ್ತದೆ.

ನುಡಿಸಿದವರು ಪೀನೊ ಪಲ್ಲಡೀನೊ. ಆಗ ಅವರಿಗೆ 25 ವರ್ಷ. ಹುಟ್ಟಿದ್ದು ವೇಲ್ಸ್‌ನ ಕಾರ್ಡಿಫ್‌ನಲ್ಲಿ. ತಂದೆ ಇಟಲಿಯವರು, ತಾಯಿ ವೇಲ್ಸ್‌ನವರು. ಸ್ವಂತ ತಂಡ ಕಟ್ಟಿ ಹೆಸರು ಮಾಡಿದವರಲ್ಲ. ಕರೆದವರ ಸ್ಟುಡಿಯೋಗೆ ಹೋಗಿ, ಅವರ ಹಾಡಿಗೆ ಬೇಕಾದದ್ದನ್ನು ನುಡಿಸಿ ಬರುವ ಸೆಷನ್ ವಾದಕರು. ಡೇವಿಡ್ ಗಿಲ್ಮೋರ್, ಡಾನ್ ಹೆನ್ಲಿ, ಪೀಟ್ ಟೌನ್‌ಶೆಂಡ್, ಟಿಯರ್ಸ್ ಫಾರ್ ಫಿಯರ್ಸ್, ಫಿಲ್ ಕಾಲಿನ್ಸ್, ಜಾನ್ ಮೇಯರ್, ನೈನ್ ಇಂಚ್ ನೇಲ್ಸ್: ಈ ಯಾದಿ ನೋಡಿದರೆ ಒಬ್ಬರ ರುಚಿ ಇನ್ನೊಬ್ಬರಿಗೆ ಆಗಿಬರುವಂಥದ್ದಲ್ಲ. ಎಲ್ಲರಿಗೂ ಬೇಕಾದವರು ಮಾತ್ರ ಇವರೇ.

ಪಾಲ್ ಯಂಗ್ ಹಾಡಿನಲ್ಲಿ ಪೀನೊ ನುಡಿಸಿದ್ದು ಫ್ರೆಟ್‌ಲೆಸ್ ಬೇಸ್. ಎಂದರೆ ಮೆಟ್ಟಿಲುಗಳಿಲ್ಲದ ಬೇಸ್ ಗಿಟಾರ್. ನಮ್ಮ ವೀಣೆಗೆ 24 ಮೆಟ್ಟಿಲು. ಗಮಕ ಬೇಕಾದರೆ ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆಯಬೇಕು. ಸರೋದಿಗೆ ಮೆಟ್ಟಿಲೇ ಇಲ್ಲ, ಲೋಹದ ತಗಡಿನ ಮೇಲೆ ಬೆರಳು ಜಾರಬೇಕು. ರಾಜೀವ ತಾರಾನಾಥರ ಆಲಾಪ ಕೇಳಿದವರಿಗೆ ಆ ಜಾರಿನ ಘನತೆ ಗೊತ್ತು. ಫ್ರೆಟ್‌ಲೆಸ್ ಬೇಸ್ ಈ ಎರಡನೆಯ ಜಾತಿಯದು. ದಪ್ಪ ತಂತಿ ಮರದ ಪಟ್ಟಿಗೆ ನೇರವಾಗಿ ತಾಗಿ ಕಂಪಿಸುವುದರಿಂದ ಮೀಟಿದ ಮೇಲೆ ದನಿ ಒಂದು ಕ್ಷಣ ತಡೆದು ಅರಳುತ್ತದೆ, ಮನುಷ್ಯರ ಕೊರಳಿಗೆ ಹತ್ತಿರವಾಗುತ್ತದೆ. ಅಪಾಯವೂ ಅಷ್ಟೇ ಇದೆ. ಬೆರಳು ಕೂದಲೆಳೆ ಆಚೀಚೆಯಾದರೂ ಅಪಶ್ರುತಿ. ಅದನ್ನು ಮುಚ್ಚಿಕೊಳ್ಳಲು ಮೆಟ್ಟಿಲಿನ ಆಸರೆ ಇರುವುದಿಲ್ಲ. ರೋಲಿಂಗ್ ಸ್ಟೋನ್ಸ್‌ನ ಬಿಲ್ ವೈಮನ್ 1961ರಲ್ಲೇ ತಮ್ಮ ಬೇಸಿನ ಮೆಟ್ಟಿಲು ಕಿತ್ತಿದ್ದರು. 1976ರಲ್ಲಿ ತಮ್ಮ ಹೆಸರಿನದೇ ಆಲ್ಬಮ್ ತಂದ ಜಾಕೊ ಪಾಸ್ಟೋರಿಯಸ್ ಈ ವಾದ್ಯಕ್ಕೆ ಸೋಲೋ ವಾದ್ಯದ ಗತ್ತು ತಂದರು. ಜಾಕೊ ಅವರದು ವೇಗ, ಪಾಂಡಿತ್ಯ, ಸವಾಲು. ಪೀನೊ ಆ ದಾರಿ ಹಿಡಿಯಲಿಲ್ಲ. ಹಾಡುಗಾರ ಉಸಿರು ತೆಗೆದುಕೊಳ್ಳುವ ಸಂದಿನಲ್ಲಿ ಒಂದು ಜಾರು, ಒಂದು ಉತ್ತರ, ಅಷ್ಟೇ.

ಆದರೆ 1980ರ ದಶಕದ ಪೀನೊ ಅವರನ್ನು ಪೂರ್ತಿ ಹೊಗಳಲು ನನಗೆ ಮನಸ್ಸು ಬಾರದು. ಪಾಲ್ ಯಂಗ್ ಹಾಡು ಗೆದ್ದ ಮೇಲೆ ಎಲ್ಲರಿಗೂ ಅದೇ ಜಾರು, ಅದೇ ಮಿನುಗು ಬೇಕಾಯಿತು. ಕೋರಸ್ ಪೆಡಲಿನಲ್ಲಿ ಅದ್ದಿ ತೆಗೆದ ಆ ದನಿ ಆ ಕಾಲದ ಎಷ್ಟೋ ಧ್ವನಿಮುದ್ರಣಗಳಲ್ಲಿ ಅಲಂಕಾರವಾಗಿ ಉಳಿದಿದೆ. ಹೆನ್ಲಿಯವರ ‘ಸನ್‌ಸೆಟ್ ಗ್ರಿಲ್’ ಇದಕ್ಕೆ ಹೊರತು. ಅಲ್ಲಿ ಬೇಸ್ ಹಾಡಿನ ಏಕಾಂತಕ್ಕೆ ಜತೆಯಾಗುತ್ತದೆ. ಬೇರೆ ಕೆಲವು ಕಡೆ ಮಾತ್ರ ಹಾಡಿಗಿಂತ ಮೊದಲು ವಾದಕರ ಗುರುತು ಕಿವಿಗೆ ಬೀಳುತ್ತದೆ. ಜತೆಗಾರರಿಗೆ ಇದು ಶೋಭೆಯಲ್ಲ.

ಈ ಮಾತನ್ನು ನಾನು ಹೇಳುತ್ತಿರುವುದು ನಮ್ಮ ಕಡೆಯ ಕಿವಿಯಿಂದ. ನಂದೊಳ್ಳಿಯಿರಲಿ, ಯಲ್ಲಾಪುರ, ಶಿರಸಿ, ಸಿದ್ದಾಪುರದ ಯಾವುದೇ ಊರಿರಲಿ, ತಾಳಮದ್ದಲೆ ಕೂಟಕ್ಕೆ ಕೂರುವವರಿಗೆ ಜತೆಗಾರರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಆಮಂತ್ರಣದಲ್ಲಿ ಹಿಮ್ಮೇಳದ ಹೆಸರು ಮೊದಲು, ಅರ್ಥಧಾರಿಗಳ ಹೆಸರು ಆಮೇಲೆ. ಮದ್ದಲೆಯವರು ಇಂದು ಒಬ್ಬ ಭಾಗವತರಿಗೆ, ನಾಳೆ ಇನ್ನೊಬ್ಬರಿಗೆ. ಒಬ್ಬರದು ಕಪ್ಪು ಒಂದು, ಇನ್ನೊಬ್ಬರದು ಕಪ್ಪು ಎರಡು. ಶ್ರುತಿಗೆ ತಕ್ಕ ಮದ್ದಲೆ ಚೀಲದಲ್ಲಿ ಇರಬೇಕು. ಭಾಗವತರು ಪದ್ಯದ ನಡುವೆ ಒಂದು ಸ್ವರದ ಮೇಲೆ ನಿಂತರೆ ಬೆರಳು ತಡೆಯಬೇಕು, ಸಾಲು ಎತ್ತಿದ ಕೂಡಲೇ ಕೂಡಿಕೊಳ್ಳಬೇಕು. ಕೈಚಳಕ ಎಷ್ಟೇ ಇರಲಿ, ಪದ್ಯವನ್ನು ನುಂಗುವ ಮದ್ದಲೆಯನ್ನು ಇಲ್ಲಿಯ ಕೇಳುಗರು ಒಪ್ಪುವುದಿಲ್ಲ. ಪೀನೊ ಅವರನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಕಾಣದು. ಈ ಅಳತೆಯಲ್ಲಿ ಅವರು ದೊಡ್ಡವರಾದದ್ದು ಫ್ರೆಟ್‌ಲೆಸ್ ಕೆಳಗಿಟ್ಟ ಮೇಲೆ.

2000ದ ಜನವರಿಯಲ್ಲಿ ಬಂದ ಡಿ’ಆಂಜೆಲೊ ಅವರ ‘ವೂಡೂ’ ಆಲ್ಬಮ್‌ನಲ್ಲಿ ಪೀನೊ ನುಡಿಸಿದ್ದು ಮೆಟ್ಟಿಲಿರುವ ಹಳೆಯ ಫೆಂಡರ್ ಪ್ರಿಸಿಷನ್ ಬೇಸ್. ತಂತಿ ನುಣುಪು ಸುತ್ತಿನವು, ದನಿ ಮಂದ, ಮಿನುಗಿಲ್ಲ, ಜಾರಿಲ್ಲ. ಹೆಸರು ತಂದುಕೊಟ್ಟ ಗುರುತನ್ನೇ ಬಿಟ್ಟುಕೊಟ್ಟಿದ್ದರು. ಹಾಗಾದರೆ ಉಳಿದದ್ದೇನು? ಕಾಲ. ‘ಚಿಕನ್ ಗ್ರೀಸ್’ ಹಾಡಿನಲ್ಲಿ ಕ್ವೆಸ್ಟ್‌ಲವ್ ಅವರ ಡ್ರಮ್ಸ್ ಪೆಟ್ಟು ಬಿದ್ದ ಮೇಲೆ ಬೇಸ್ ತುಸು ತಡೆದು ಬರುತ್ತದೆ. ನಮ್ಮ ಸಂಗೀತದಲ್ಲಿ ಅತೀತ, ಅನಾಗತ ಎಂದು ಎಡುಪಿನ ಲೆಕ್ಕವಿದೆ. ಎಷ್ಟು ಅಕ್ಷರ ಆಚೆ ಅಥವಾ ಈಚೆ ಎಂದು ಬೆರಳೆಣಿಸಿ ಹೇಳಬಹುದು. ಪೀನೊ ಅವರ ಈ ತಡ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಪ್ರತಿ ಸುತ್ತಿನಲ್ಲೂ ಬೇರೆ ಬೇರೆ, ಆದರೂ ಒಮ್ಮೆಯೂ ತಾಳ ತಪ್ಪಿತು ಅನ್ನಿಸುವುದಿಲ್ಲ. ಫ್ರೆಟ್‌ಲೆಸ್‌ನಲ್ಲಿ ಸ್ವರ ಮತ್ತು ಸ್ವರದ ನಡುವಿನ ಜಾಗವನ್ನು ಬಳಸಲು ಕಲಿತವರು ಇಲ್ಲಿ ಪೆಟ್ಟು ಮತ್ತು ಪೆಟ್ಟಿನ ನಡುವಿನ ಜಾಗವನ್ನು ಬಳಸಿದ್ದಾರೆ. ಅವರ ಇಡೀ ವೃತ್ತಿಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಇದು. ಇಂದಿನ ಎಷ್ಟೋ ಬೇಸ್ ವಾದಕರು ಈ ಆಲ್ಬಮ್ಮನ್ನು ಪಾಠದ ಹಾಗೆ ಕೇಳುತ್ತಾರೆ, ಕೇಳಲೇಬೇಕು.

ಎರಡು ವರ್ಷದ ನಂತರ ಬೇರೆಯೇ ಪರೀಕ್ಷೆ ಎದುರಾಯಿತು. ದ ಹೂ ತಂಡದ ಬೇಸ್ ವಾದಕ ಜಾನ್ ಎಂಟ್‌ವಿಸಲ್ 2002ರ ಜೂನ್ 27ರಂದು, ಅಮೆರಿಕ ಪ್ರವಾಸ ಶುರುವಾಗುವ ಮುನ್ನಾದಿನ, ಲಾಸ್ ವೇಗಸ್‌ನ ಹೋಟೆಲಿನಲ್ಲಿ ತೀರಿಕೊಂಡರು. ಜುಲೈ 1ರಂದು ಹಾಲಿವುಡ್ ಬೌಲ್‌ನ ವೇದಿಕೆಯಲ್ಲಿ ಅವರ ಜಾಗದಲ್ಲಿ ಪೀನೊ ನಿಂತಿದ್ದರು. ಎಂಟ್‌ವಿಸಲ್ ಅವರದು ಗುಡುಗಿನಂಥ ಬೇಸ್. ಗಿಟಾರಿಗೆ ಸರಿಸಮನಾಗಿ ಮುನ್ನುಗ್ಗುವಂಥದ್ದು. ಆ ಗುಡುಗನ್ನು ಪೀನೊ ತರಲಿಲ್ಲ, ತರಲು ಹೋಗಲೂ ಇಲ್ಲ. ಎಂಟ್‌ವಿಸಲ್ ಅವರನ್ನು ಹಂಬಲಿಸುವ ಅಭಿಮಾನಿಗಳಿಗೆ ಇಲ್ಲಿ ಏನೋ ಖಾಲಿ ಅನ್ನಿಸಿದರೆ ತಪ್ಪಿಲ್ಲ. ನನಗೂ ‘ಮೈ ಜನರೇಷನ್’ನಂಥ ಹಾಡಿನಲ್ಲಿ ಆ ಕೊರತೆ ಕೇಳಿಸುತ್ತದೆ. ಆದರೆ ಸತ್ತವರನ್ನು ಅನುಕರಿಸಿ ಚಪ್ಪಾಳೆ ಗಿಟ್ಟಿಸುವುದು ಸುಲಭವಿತ್ತು. ತಂಡ ಕುಸಿಯದಂತೆ ಹಿಡಿದು ನಿಲ್ಲಿಸುವ ಕೆಲಸವನ್ನು ಅವರು ಆರಿಸಿಕೊಂಡರು, ಒಂದು ದಶಕಕ್ಕೂ ಮೀರಿ ಆ ಜಾಗದಲ್ಲಿ ಇದ್ದರು.

ತಮ್ಮ ಹೆಸರನ್ನು ಮುಖಪುಟದಲ್ಲಿ ಹಾಕಿಕೊಂಡ ಮೊದಲ ಆಲ್ಬಮ್ ಬಂದದ್ದು 2021ರಲ್ಲಿ, 63ನೆಯ ವಯಸ್ಸಿನಲ್ಲಿ: ‘ನೋಟ್ಸ್ ವಿತ್ ಅಟ್ಯಾಚ್‌ಮೆಂಟ್ಸ್’. ಅದರಲ್ಲೂ ಹೆಸರು ಒಬ್ಬರದೇ ಅಲ್ಲ. ಗಿಟಾರ್ ವಾದಕ ಬ್ಲೇಕ್ ಮಿಲ್ಸ್ ಪಾಲುದಾರರು. ಎಂಟು ರಚನೆಗಳು, ಅರ್ಧ ಗಂಟೆಯ ಆಸುಪಾಸಿನ ಅವಧಿ. ಬಿಡಿಬಿಡಿಯಾಗಿ ಸುಂದರವಾದ ತುಣುಕುಗಳಿವೆ, ಸ್ಯಾಮ್ ಗೆಂಡಲ್ ಅವರ ಸ್ಯಾಕ್ಸೊಫೋನ್ ಇದೆ, ಆಫ್ರಿಕದ ಲಯದ ನೆರಳಿದೆ. ಆದರೂ ಒಂದು ಕೊರತೆ ಕಾಡುತ್ತದೆ. ಪೀನೊ ಅವರ ಅತ್ಯುತ್ತಮ ನುಡಿಸಾಣಿಕೆ ಎಲ್ಲ ಯಾರದೋ ಕಂಠಕ್ಕೆ ಕೊಟ್ಟ ಉತ್ತರ. ಇಲ್ಲಿ ಆ ಕಂಠವಿಲ್ಲ. ಪ್ರಶ್ನೆ ಕೇಳುವವರೇ ಇಲ್ಲದಾಗ ಬೇಸ್ ಹಲವು ಕಡೆ ದಾರಿ ಹುಡುಕುತ್ತ ಸುತ್ತುತ್ತದೆ. ‘ಮ್ಯಾನ್ ಫ್ರಂ ಮೊಲೀಸೆ’ ಎಂಬ ರಚನೆ ಮಾತ್ರ ಬೇರೆ. ಮೊಲೀಸೆ ಅವರ ತಂದೆಯ ಸೀಮೆ. ಈ ಆಲ್ಬಮ್ಮಿನಲ್ಲಿ ನಾನು ಮತ್ತೆ ಮತ್ತೆ ಕೇಳುವುದು ಅದೊಂದನ್ನೇ. ಉಳಿದ ಏಳು ಆ ಮಟ್ಟಕ್ಕೆ ಬಂದಿಲ್ಲ.