ಕಿಲ್ಟಿನ ನಿರಿಗೆ ಬಿಡಿಸಿದ ಇತಿಹಾಸಕಾರ

ಮದುವೆಯಿರಲಿ, ಕವಿ ಬರ್ನ್ಸ್ ನೆನಪಿನ ಜನವರಿ 25ರ ರಾತ್ರಿಯ ಔತಣವಿರಲಿ, ಸ್ಕಾಟ್ಲೆಂಡಿನ ಗಂಡಸರ ಮೈಮೇಲೆ ಚೌಕಳಿ ಕಿಲ್ಟ್ ಬರುತ್ತದೆ. ಒಂದೊಂದು ಕುಲಕ್ಕೆ ಒಂದೊಂದು ಚೌಕಳಿ, ಎಲ್ಲವೂ ತಾತ ಮುತ್ತಾತರ ಕಾಲದ್ದೆಂಬ ನಂಬಿಕೆ ಬೇರೆ. ಇತಿಹಾಸಕಾರ ಹ್ಯೂ ಟ್ರೆವರ್-ರೋಪರ್ ಈ ನಂಬಿಕೆಗೆ ಕೈಹಾಕಿದ ಪ್ರಬಂಧ 1983ರಲ್ಲಿ 'ದಿ ಇನ್ವೆನ್ಷನ್ ಆಫ್ ಟ್ರೆಡಿಷನ್' ಸಂಕಲನದಲ್ಲಿ ಬಂತು. ಓದಲು ಬಲು ರುಚಿ; ಪೂರಾ ಒಪ್ಪುವುದು ಕಷ್ಟ.

ಗುಡ್ಡಗಾಡಿನವರು ಮೊದಲು ಉಡುತ್ತಿದ್ದುದು ಮೈಗೆಲ್ಲ ಸುತ್ತಿಕೊಂಡು ನಡುವಿಗೆ ಪಟ್ಟಿ ಬಿಗಿಯುವ ಉದ್ದನೆಯ ಉಣ್ಣೆ ಬಟ್ಟೆ. ಅದರ ಕೆಳಭಾಗವನ್ನಷ್ಟೇ ಉಳಿಸಿ, ನಿರಿಗೆ ಹೊಲಿಸಿ, ಇಂದಿನ ಕಿಲ್ಟ್ ಮಾಡಿಸಿದವನು 18ನೇ ಶತಮಾನದಲ್ಲಿ ಅಲ್ಲಿ ಕಬ್ಬಿಣದ ಕುಲುಮೆ ನಡೆಸುತ್ತಿದ್ದ ಥಾಮಸ್ ರಾಲಿನ್ಸನ್, ಅದೂ ಇಂಗ್ಲೆಂಡಿನವನು ಎನ್ನುತ್ತಾರೆ ಟ್ರೆವರ್-ರೋಪರ್. ಕುಲುಮೆಯ ಆಳುಗಳಿಗೆ ಆ ದೊಡ್ಡ ಬಟ್ಟೆ ಅಡ್ಡಿಯಾಗುತ್ತಿತ್ತಂತೆ. ಇದಕ್ಕೆಲ್ಲ ಮುಖ್ಯ ಆಧಾರ, ದಶಕಗಳ ನಂತರ 1785ರಲ್ಲಿ ಅಚ್ಚಾದ ಒಂದು ಪತ್ರ. ಹೊಲಿಸಿದ್ದು ಅವನೇ ಎಂದಿಟ್ಟುಕೊಂಡರೂ ಬಟ್ಟೆ ಗುಡ್ಡದವರದೇ ತಾನೆ?

1822ರ ಪ್ರಸಂಗದಲ್ಲಿ ಮಾತ್ರ ಅವರ ಪೆಟ್ಟು ನೇರ ಬೀಳುತ್ತದೆ. ದೊರೆ ನಾಲ್ಕನೆಯ ಜಾರ್ಜ್ ಎಡಿನ್‌ಬರೋಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಊರಿಗೆ ಊರನ್ನೇ ಕಿಲ್ಟಿನ ಜಾತ್ರೆ ಮಾಡಿಬಿಟ್ಟ. ಸ್ಥೂಲಕಾಯದ ದೊರೆ ಕಿಲ್ಟಿನ ಕೆಳಗೆ ಮೈಬಣ್ಣದ ಬಿಗಿಚಲ್ಲಣ ತೊಟ್ಟು ನಿಂತ. ದರ್ಜಿಯ ಬಿಲ್ಲು 1,300 ಪೌಂಡ್ ದಾಟಿತ್ತು. ಚಿತ್ರ ಬರೆದ ಡೇವಿಡ್ ವಿಲ್ಕಿ ದಾಕ್ಷಿಣ್ಯಕ್ಕೆ ಆ ಚಲ್ಲಣವನ್ನು ಕೈಬಿಟ್ಟ! ಗುಡ್ಡದವರ ಬಂಡಾಯವನ್ನು ಹತ್ತಿಕ್ಕಿದ ಕಲೋಡನ್ ಕದನದ ಬಳಿಕ, 1746ರ ಕಾನೂನಿನಿಂದ ಸೈನಿಕರನ್ನು ಬಿಟ್ಟು ಉಳಿದವರಿಗೆ ನಿಷಿದ್ಧವಾಗಿದ್ದ, 1782ರಲ್ಲಷ್ಟೇ ಬಿಡುಗಡೆ ಕಂಡ ಉಡುಪಿಗೆ ಸಿಕ್ಕ ರಾಜಮರ್ಯಾದೆಯಿದು.

ಕುಲದ ಚೌಕಳಿಗಳ ಕಥೆಯಂತೂ ಅಪ್ಪಟ ವ್ಯಾಪಾರ. ಬ್ಯಾನಕ್‌ಬರ್ನಿನ ವಿಲ್ಸನ್ ನೇಯ್ಗೆ ಕಂಪನಿ ಮೊದಲು ಬರೀ ನಂಬರಿನಿಂದ ಗುರುತಿಸುತ್ತಿದ್ದ ಎಷ್ಟೋ ವಿನ್ಯಾಸಗಳಿಗೆ ಆಮೇಲೆ ಕುಲದ ಹೆಸರು ಅಂಟಿತು. 1842ರಲ್ಲಿ ಸೋಬಿಯೆಸ್ಕಿ ಸ್ಟುವರ್ಟ್ ಎಂದು ಕರೆದುಕೊಂಡ ಅಣ್ಣತಮ್ಮಂದಿರು, ಹಳೆಯ ಹಸ್ತಪ್ರತಿಯೆಂದು ಹೇಳಿ, ಚೌಕಳಿಗಳ ನಕಲಿ ಗ್ರಂಥವನ್ನೇ ಹೊರತಂದರು.

ತಮಾಷೆಯೆಂದರೆ, ಹೀಗೆ ನಕಲಿಗಳ ಬೆನ್ನುಹತ್ತಿದ ಟ್ರೆವರ್-ರೋಪರ್ ಅದೇ 1983ರಲ್ಲಿ 'ಹಿಟ್ಲರನ ದಿನಚರಿ'ಗಳು ಅಸಲಿಯೆಂದು ನಂಬಿ ಮುಖಭಂಗ ಅನುಭವಿಸಿದರು. ಅದರಿಂದ ಕಿಲ್ಟಿನ ವಾದವೇನೂ ಬಿದ್ದುಹೋಗದು. ಪ್ರಬಂಧದ ಕೊರತೆ ಬೇರೆಡೆ ಇದೆ: ಇತ್ತೀಚಿನದು ಎಂದು ತೋರಿಸಿದೊಡನೆ ಅವರ ಕುತೂಹಲ ತಣ್ಣಗಾಗುತ್ತದೆ. ಒಂದು ಕಾಲಕ್ಕೆ ಗುಡ್ಡದವರನ್ನು ಒರಟರೆಂದು ಹೀಗಳೆಯುತ್ತಿದ್ದ ಬಯಲುಸೀಮೆಯ ಸ್ಕಾಟರು ಅವರದೇ ಬಟ್ಟೆಯನ್ನು ಹಬ್ಬದುಡುಪಾಗಿ ಯಾಕೆ ಅಪ್ಪಿಕೊಂಡರು ಎಂಬುದಕ್ಕೆ ಪ್ರಬಂಧದಲ್ಲಿ ವ್ಯಂಗ್ಯವುಂಟು, ತೃಪ್ತಿಕರ ಉತ್ತರವಿಲ್ಲ. ಅತ್ತ ಸ್ಕಾಟ್ಲೆಂಡ್ ಸರ್ಕಾರ 2009ರಲ್ಲಿ ಟಾರ್ಟನ್, ಅಂದರೆ ಈ ಚೌಕಳಿಗಳ, ನೋಂದಣಿ ಪುಸ್ತಕವನ್ನೇ ತೆರೆಯಿತು. ಶುಲ್ಕ ಕಟ್ಟಿ ಹೊಸ ಚೌಕಳಿ ನೋಂದಾಯಿಸುವವರು ಈಗಲೂ ಇದ್ದಾರೆ.