ಮೂರು ಷೇರಿನ ಪಂಚಾಂಗ

ಪುಸ್ತಕವನ್ನು ವಿಮರ್ಶೆ ಮಾಡುತ್ತಾರೆ, ನಾಟಕವನ್ನು ಮಾಡುತ್ತಾರೆ, ಸಿನಿಮಾವನ್ನಂತೂ ಟಿಕೆಟ್ಟು ಕೊಂಡವರೆಲ್ಲ ಮಾಡುತ್ತಾರೆ. ಷೇರುಪೇಟೆಯ ಟೀವಿ ಕಾರ್ಯಕ್ರಮವನ್ನು ಯಾರಾದರೂ ಹಾಗೆ ಎಳೆಎಳೆಯಾಗಿ ಬಿಡಿಸಿ ನೋಡಿದ್ದನ್ನು ನಾನಂತೂ ಕಂಡಿಲ್ಲ. ಅದು ಗಂಡಸರ ವಿಷಯ, ಅದರಲ್ಲಿ ರಸವೇನಿದೆ ಎಂದು ನೀವು ಮೂಗು ಮುರಿಯಬಹುದು. ಕೆನಡಾದ ‘ಮಾರ್ಕೆಟ್ ಕಾಲ್’ ಕಾರ್ಯಕ್ರಮವನ್ನು ವರ್ಷಗಟ್ಟಲೆ ನೋಡಿದವಳಾಗಿ ಹೇಳುತ್ತೇನೆ, ಅದರಲ್ಲಿ ನವರಸವೂ ಇದೆ. ಬೀಭತ್ಸ ಮಾತ್ರ ಪೇಟೆ ಕುಸಿದ ದಿನಗಳಿಗೆ ಮೀಸಲು.

ಈಗ ಬಿಎನ್‌ಎನ್ ಬ್ಲೂಮ್‌ಬರ್ಗ್ ಎಂದು ಕರೆಸಿಕೊಳ್ಳುವ ಈ ಹಣಕಾಸಿನ ವಾಹಿನಿ ಬೇರೆ ಹೆಸರಿನಲ್ಲಿ 1999ರಲ್ಲಿ ಹುಟ್ಟಿತು. ಕಾರ್ಯಕ್ರಮದ ಚೌಕಟ್ಟು ಸರಳ. ಬೇರೆಯವರ ಹಣ ನೋಡಿಕೊಳ್ಳುವ ಕಸುಬಿನವರೊಬ್ಬರು ಅತಿಥಿಯಾಗಿ ಬರುತ್ತಾರೆ. ನೋಡುಗರು ಫೋನ್ ಮಾಡಿ ಆ ಬ್ಯಾಂಕು ಹೇಗೆ, ಈ ಪೈಪ್‌ಲೈನ್ ಕಂಪನಿ ಹೇಗೆ, ಚಿನ್ನದ ಗಣಿಯದು ಇಟ್ಟುಕೊಳ್ಳಲೋ ಮಾರಲೋ ಎಂದು ಕೇಳುತ್ತಾರೆ. ಕೊನೆಗೆ ಅತಿಥಿ ತಮ್ಮ ಆಯ್ಕೆಯ ಮೂರು ಹೆಸರು ಹೇಳುತ್ತಾರೆ. ನಡುವೆ ‘ಪಾಸ್ಟ್ ಪಿಕ್ಸ್’ ಎಂಬ ಭಾಗ. ಹಿಂದೆ ಬಂದಾಗ ಇದೇ ಅತಿಥಿ ಹೇಳಿದ ಮೂರು ಷೇರು ಈಗ ಏನಾಗಿವೆ, ಎಷ್ಟು ಏರಿದವು, ಎಷ್ಟು ಇಳಿದವು ಎಂಬುದನ್ನು ಅವರ ಮುಖದೆದುರೇ ತೆರೆಯ ಮೇಲೆ ತೋರಿಸುತ್ತಾರೆ.

ಮೊದಲು ಮೆಚ್ಚಬೇಕಾದದ್ದು ಇದನ್ನೇ. ವರ್ಷಭವಿಷ್ಯ ಬರೆಯುವ ಯಾವ ಜೋಯಿಸರು ಮುಂದಿನ ಯುಗಾದಿಗೆ ಬಂದು, “ಕನ್ಯಾ ರಾಶಿಗೆ ಧನಲಾಭ ಅಂದಿದ್ದೆ, ಆಗಲಿಲ್ಲ, ಶೇಕಡಾ ಹದಿನೆಂಟು ನಷ್ಟ” ಎಂದು ಒಪ್ಪಿಕೊಂಡಿದ್ದಾರೆ, ಹೇಳಿ? ಅತಿಥಿ ಹೇಳುವ ಷೇರು ಅವರ ಸ್ವಂತದ್ದಾಗಿ ಇದೆಯೇ, ಮನೆಯವರ ಬಳಿ ಇದೆಯೇ, ಅವರು ನಡೆಸುವ ಫಂಡಿನಲ್ಲಿದೆಯೇ ಎಂಬುದನ್ನೂ ಪಟ್ಟಿ ಮಾಡಿ ತೋರಿಸುತ್ತಾರೆ. ಇಷ್ಟು ಮರ್ಯಾದೆ ಎಲ್ಲ ಕಡೆ ಸಿಕ್ಕುವುದಿಲ್ಲ.

ಇನ್ನು ಕೊರತೆಗಳು. ಲೆಕ್ಕ ಒಪ್ಪಿಸುವುದು ಸಾಮಾನ್ಯವಾಗಿ ಒಂದು ವರ್ಷದ್ದು. ಒಂದು ವರ್ಷದಲ್ಲಿ ಷೇರು ಏರಿತೆಂದರೆ ಅತಿಥಿ ಜಾಣರೆಂದೂ ಅಲ್ಲ, ಇಳಿಯಿತೆಂದರೆ ದಡ್ಡರೆಂದೂ ಅಲ್ಲ. ಮಳೆ ಬಂದದ್ದಕ್ಕೆ ಕಪ್ಪೆಯನ್ನು ಹೊಗಳಿದ ಹಾಗೆ. ದಿನಕ್ಕೊಬ್ಬರೇ ಅತಿಥಿ ಎಂದುಕೊಂಡರೂ ವಾರಕ್ಕೆ ಹದಿನೈದು ಹೆಸರು, ವರ್ಷಕ್ಕೆ ಏಳುನೂರಕ್ಕೂ ಮೇಲೆ. ಇಷ್ಟನ್ನು ಯಾವ ಸಂಸಾರಸ್ಥರು ಕೊಂಡಾರು?

ಕರೆ ಮಾಡುವವರ ಪ್ರಶ್ನೆಗಳೂ ನನ್ನನ್ನು ಕಾಡುತ್ತವೆ. “ನಲವತ್ತು ಡಾಲರಿಗೆ ಕೊಂಡೆ, ಈಗ ಇಪ್ಪತ್ತೈದು, ಏನು ಮಾಡಲಿ?” ನೀವು ಎಷ್ಟಕ್ಕೆ ಕೊಂಡಿರಿ ಎಂಬುದು ಆ ಕಂಪನಿಗೆ ಗೊತ್ತೂ ಇಲ್ಲ, ಬೇಕಾಗಿಯೂ ಇಲ್ಲ. ಆದರೂ ನಲವತ್ತು ವಾಪಸು ಬರಲಿ ಎಂದು ಕಾಯುವವರೇ ಹೆಚ್ಚು. ಅತಿಥಿಗಳು ಈ ಮಾತನ್ನು ಬಿಡಿಸಿ ಹೇಳುವುದು ಅಪರೂಪ. ಡಿವಿಡೆಂಡಿಗಾಗಿ ಅಮೆರಿಕದ ಷೇರು ಕೇಳಿದವರಿಗೆ “ಯಾವ ಖಾತೆಯಲ್ಲಿ ಇಡುತ್ತೀರಿ?” ಎಂದು ಕೇಳುವುದು ಇನ್ನೂ ಅಪರೂಪ. ನಿವೃತ್ತಿಗಾಗಿ ಕೂಡಿಡುವ ಆರ್.ಆರ್.ಎಸ್.ಪಿ. ಖಾತೆಯಲ್ಲಿದ್ದರೆ ಆ ಡಿವಿಡೆಂಡಿಗೆ ಅಮೆರಿಕ ಸರ್ಕಾರ ತೆರಿಗೆ ಮುರಿಯುವುದಿಲ್ಲ. 2009ರಲ್ಲಿ ಬಂದ ತೆರಿಗೆರಹಿತ ಖಾತೆಯಲ್ಲಿದ್ದರೆ ಶೇಕಡಾ 15 ಮುರಿದೇ ಕೊಡುತ್ತದೆ. ‘ತೆರಿಗೆರಹಿತ’ ಎಂಬ ಹೆಸರು ನಂಬಿದವರಿಗೆ ಇದು ಯಾರು ಹೇಳಬೇಕು?

ಕೆನಡಾದವರು ಒಂದೇ ಹೆಸರಿಗೆ ಮರುಳಾಗಿ ಕೆಟ್ಟದ್ದಕ್ಕೆ ಕಥೆಗಳು ಬೇಕಾದಷ್ಟಿವೆ. ಬ್ರೆ-ಎಕ್ಸ್ ಎಂಬ ಕ್ಯಾಲ್ಗರಿಯ ಕಂಪನಿ ಇಂಡೋನೇಷ್ಯಾದ ಕಾಡಿನಲ್ಲಿ ಚಿನ್ನದ ಬೆಟ್ಟವೇ ಸಿಕ್ಕಿತೆಂದಿತು. ಅಲ್ಲಿಂದ ತಂದ ಕಲ್ಲುಪುಡಿಗೆ ಹೊರಗಿನ ಚಿನ್ನ ಬೆರೆಸಿದ್ದರೆಂದು 1997ರಲ್ಲಿ ಬಯಲಾಯಿತು. ಅದಾದರೂ ವಂಚನೆ. ನಾರ್ಟೆಲ್ ಎಲ್ಲರ ಕಣ್ಣೆದುರಿಗೆ ಬೆಳೆದ ಟೆಲಿಫೋನ್ ಸಲಕರಣೆಗಳ ಕಂಪನಿ. 2000ದಲ್ಲಿ ಅದರ ಷೇರು 120 ಡಾಲರ್ ದಾಟಿತು. ಟೊರಾಂಟೊ ಪೇಟೆಯ ಮುನ್ನೂರು ಕಂಪನಿಗಳ ಸೂಚ್ಯಂಕದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಅದೊಂದೇ ಆಗಿತ್ತು. 2002ರಲ್ಲಿ ಒಂದು ಡಾಲರಿಗಿಂತ ಕೆಳಗೆ. 2009ರ ಜನವರಿಯಲ್ಲಿ ದಿವಾಳಿ ರಕ್ಷಣೆ ಕೇಳಿತು. ಅದರ ನಿವೃತ್ತ ನೌಕರರ ಪಿಂಚಣಿಗೂ ಕತ್ತರಿ ಬಿತ್ತು. ಆಮೇಲೆ ರಾಯಲ್ ಬ್ಯಾಂಕನ್ನು ಹಿಂದಿಕ್ಕಿ ದೇಶದ ಅತಿ ದೊಡ್ಡ ಕಂಪನಿಯಾದದ್ದು 2015ರಲ್ಲಿ ವ್ಯಾಲಿಯಂಟ್ ಎಂಬ ಔಷಧಿ ಕಂಪನಿ. ಬೆಲೆಯ ಹತ್ತರಲ್ಲಿ ಒಂಬತ್ತು ಪಾಲು ಕಳೆದುಕೊಂಡಿತು. 2020ರಲ್ಲಿ ಆ ಪಟ್ಟ ಶಾಪಿಫೈಗೆ. 2022ರಲ್ಲಿ ಅದು ಸುಮಾರು ಮುಕ್ಕಾಲು ಪಾಲು ಕುಸಿದು, ಆಮೇಲೆ ಚೇತರಿಸಿಕೊಂಡಿತು. ಪಟ್ಟದ ಕುರ್ಚಿಗೆ ಏನೋ ದೃಷ್ಟಿಯಾಗಿದೆ ಅನ್ನಿಸುವುದಿಲ್ಲವೇ!

ಇದೆಲ್ಲ ನನಗೆ ಬರಿಯ ಕಾಲಕ್ಷೇಪವಲ್ಲ. ನಮ್ಮವರು ತೀರಿಕೊಂಡ ಮೇಲೆ ಅವರ ನಿವೃತ್ತಿಯ ಹಣ ನನ್ನ ಹೆಸರಿಗೆ ಬಂತು. ಇಲ್ಲಿಯ ಕಾನೂನಿನಂತೆ 71 ತುಂಬುವ ವರ್ಷದ ಕೊನೆಯೊಳಗೆ ಆ ಖಾತೆಯನ್ನು ಕೂಡಿಡುವ ಖಾತೆಯಿಂದ ತೆಗೆಯುವ ಖಾತೆಯಾಗಿ ಬದಲಿಸಬೇಕು. 72ರ ವಯಸ್ಸಿನವರು ಜನವರಿಯಲ್ಲಿದ್ದ ಮೊತ್ತದ ಶೇಕಡಾ 5.40ರಷ್ಟನ್ನಾದರೂ ಆ ವರ್ಷ ತೆಗೆಯಲೇಬೇಕು. ಪೇಟೆ ಬಿದ್ದಿದ್ದರೂ ಸರಿ, ಎದ್ದಿದ್ದರೂ ಸರಿ. ಅತಿಥಿ “ಐದು ವರ್ಷ ಹಿಡಿದಿರಿ” ಎನ್ನುವಾಗ ನನ್ನ ಕಿವಿ ನೆಟ್ಟಗಾಗುವುದು ಅದಕ್ಕೇ. ಪೇಟೆ ಏಳಲೆಂದು ಐದು ವರ್ಷ ಕೈಕಟ್ಟಿ ಕೂರುವಷ್ಟು ಪುರುಸೊತ್ತು ನನಗಿಲ್ಲ. ಒಮ್ಮೊಮ್ಮೆ ಕರೆ ಮಾಡುವವರಲ್ಲಿ ಹೆಂಗಸಿನ ದನಿ ಕೇಳಿದರೆ ಒಲೆ ಸಣ್ಣ ಮಾಡಿ ನಿಂತುಬಿಡುತ್ತೇನೆ. ಅವರಿಗೂ ಸಿಕ್ಕುವುದು ಕಂಪನಿಯ ಸಾಲ, ಲಾಭ, ಡಿವಿಡೆಂಡಿನ ವಿವರವೇ. ನಿಮ್ಮ ವಯಸ್ಸೆಷ್ಟು, ಮನೆಯ ಸಾಲ ತೀರಿದೆಯೇ, ಬೇರೆ ಆದಾಯವಿದೆಯೇ ಎಂದು ಕೇಳಲು ಅಲ್ಲಿ ಸಮಯವಿಲ್ಲ.

ಈ ಕಾರಣಕ್ಕೇ ನನಗೆ ಟೀವಿಗಿಂತ ಡೇವಿಡ್ ಚಿಲ್ಟನ್ ಬರೆದ ‘ದಿ ವೆಲ್ದಿ ಬಾರ್ಬರ್’ ಇಷ್ಟ. 1989ರ ಪುಸ್ತಕ. ಸಾರ್ನಿಯಾ ಊರಿನ ರಾಯ್ ಎಂಬ ಕ್ಷೌರಿಕ ಅಂಗಡಿಗೆ ಬಂದ ಹುಡುಗರಿಗೆ ಕತ್ತರಿಯಾಡಿಸುತ್ತ ಹಣದ ಪಾಠ ಹೇಳುತ್ತಾನೆ. ಸಂಬಳದ ಹತ್ತನೆಯ ಒಂದು ಪಾಲನ್ನು ಮೊದಲು ಎತ್ತಿಡಿ ಎಂಬುದು ಅವನ ಮೂಲಮಂತ್ರ. ಮಾತು ಕೆಲವು ಕಡೆ ಉಪದೇಶವಾಗಿ ಉದ್ದವಾಯಿತೇನೋ. ಆದರೆ ರಾಯ್‌ಗೆ ತನ್ನೆದುರು ಕೂತವರು ಯಾರೆಂದು ಗೊತ್ತು, ಅಷ್ಟು ಸಾಕು.

ಇಡೀ ಸೂಚ್ಯಂಕವನ್ನೇ ಒಂದು ಷೇರಿನಂತೆ ಕೊಳ್ಳುವ ಉಪಾಯ 1990ರಲ್ಲಿ ಟೊರಾಂಟೊ ಪೇಟೆಯಲ್ಲೇ ಮೊದಲು ಬಂತು. ಜಗತ್ತಿಗೆಲ್ಲ ಅದೇ ಹಾದಿ ತೋರಿಸಿತು. ನಾರ್ಟೆಲ್ ಅದರೊಳಗೂ ಇತ್ತೆಂಬುದು ನಿಜ, ಆದರೆ ಉಳಿದವೂ ಇದ್ದವಲ್ಲ. ಇಂಥದರ ಬಗ್ಗೆ ದಿನಾ ಗಂಟೆಗಟ್ಟಲೆ ಮಾತಾಡಲು ಏನಿದೆ? ನನ್ನ ಹಣ ಬಹುಪಾಲು ಅದರಲ್ಲಿದೆ. ಎರಡು ವರ್ಷ ತೆಗೆಯಬೇಕಾದಷ್ಟು ಮಾತ್ರ ಬ್ಯಾಂಕಿನ ಠೇವಣಿಯಲ್ಲಿ. ಅತಿಥಿಗಳು ಹೇಳುವ ಮೂರು ಹೆಸರುಗಳನ್ನು ಕೊಳ್ಳದಿದ್ದರೂ ಕ್ಯಾಲೆಂಡರಿನ ಹಿಂದೆ ತಾರೀಖು ಹಾಕಿ ಬರೆದಿಡುತ್ತೇನೆ. ಹೋದ ವರ್ಷದ ಹಾಳೆಯನ್ನು ಇನ್ನೂ ತಾಳೆ ನೋಡುವುದಿದೆ.